ಬೆಣ್ಣೆಕೃಷ್ಣನ ಎತ್ತರ

೧೯೩೬ನೇ ಇಸವಿ ಮೇ ಹನ್ನೊಂದು, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಮುಂಬಯಿಯ ದಾದರಿನ ಸ್ಟುಡಿಯೋದ ಬಣ್ಣ ಹಚ್ಚುವ ಕೋಣೆಯಲ್ಲಿ ಮಾಲೀಕ ಹರಕಿಸನ್ ಸೇಠ್ ಯಮೂಳ ಕೈಯಲ್ಲಿದ್ದ ಜೋಳದ ಭಾಕ್ರಿ ಕಿತ್ತು ಕಿಟಕಿಯಾಚೆ ಎಸೆದ.

"ತಿನ್ನು. ಎಮ್ಮೆ ಬೆಳ್ದಂಗೆ ಬೆಳಿ. ನಿನ್ನ ತಲೆಗೆ ಕಿರೀಟ ಬೇರೆ ಕೇಡು, ಮುಂಡೇದೆ."

ಮೂಲೆಯಲ್ಲಿ ಪಂಚೆ ಮಡಚುತ್ತಿದ್ದ ತಾಯಿ ಶೇವಂತಿ, ಹುಡುಗಿ ನಸುಕಿನಿಂದ ಬರೀ ಕರಿ ಚಹಾ ಕುಡಿದಿದ್ದಾಳೆ, ಅರ್ಧ ಭಾಕ್ರಿ ಅಷ್ಟೇ ಎಂದಳು. ಕಳವು ಮಾಡಿ ಸಿಕ್ಕಿಬಿದ್ದವಳ ದನಿ.

ಯಮೂಳಿಗೆ ಹದಿಮೂರು. ಪರದೆಯ ಮೇಲೆ ಏಳರ ಬಾಲಕೃಷ್ಣ. ಮಾತಿಲ್ಲದ ಚಿತ್ರಗಳ ಕಾಲದಲ್ಲಿ ಗೋವೆಯಿಂದ ಬಂದಾಗ ಅವಳನ್ನು ಯಾರಾದರೂ ಸೊಂಟದ ಮೇಲೆ ಹೊತ್ತರೆ ಸಾಕಿತ್ತು. ಮಾತು ಬಂದ ಮೇಲೆ ಅವಳ ಕಂಠಕ್ಕೇ ಚಿತ್ರಗಳು ಓಡಿದವು. ಊರೂರಿನ ಹೆಂಗಸರು ಪರದೆಯ ಮುಂದೆ ತೆಂಗಿನಕಾಯಿ ಒಡೆದರು. ಭಿತ್ತಿಪತ್ರದಲ್ಲಿ ನೀಲಿ ಮುಖ, ಕೆಳಗೆ 'ಮಾಸ್ಟರ್ ಮೋಹನ' ಎಂಬ ಹೆಸರು. ಹುಡುಗಿ ಎಂದು ಚಿತ್ರದ ವ್ಯಾಪಾರದವರಿಗೆ ಬಿಟ್ಟರೆ ಹೊರಗೆ ಗೊತ್ತಿರಲಿಲ್ಲ.

ಬಣ್ಣದ ಕೋಣೆಯ ಬಾಗಿಲ ಚೌಕಟ್ಟಿಗೆ ನಾಲ್ಕಡಿ ನಾಲ್ಕಿಂಚಿನಲ್ಲಿ ಒಂದು ಹಿತ್ತಾಳೆ ಮೊಳೆ ಹೊಡೆದಿತ್ತು. ತಲೆ ಅದರ ಕೆಳಗಿರುವ ತನಕ ಕೃಷ್ಣನ ಪಾತ್ರ ಅವಳದು, ಸ್ಟುಡಿಯೋ ಹಿಂದಿನ ವಾಸದ ಖೋಲಿ ತಾಯಿ ಮಗಳದು. ಎರಡು ವರ್ಷದಿಂದ ಬೆಳೆಯುತ್ತಿದ್ದದ್ದು ಸೆಟ್ಟು. ಬಡಗಿ ತುಕಾರಾಮ ಪ್ರತಿ ಚಿತ್ರಕ್ಕೂ ನಂದನ ಮನೆಯ ಬಾಗಿಲನ್ನು ಎತ್ತರಿಸಿದ, ಗಡಿಗೆಯನ್ನು ಹಿಗ್ಗಿಸಿದ, ಯಶೋದೆಯಾದವಳನ್ನು ಸೀರೆಯೊಳಗೆ ಮರದ ದಿಮ್ಮಿಯ ಮೇಲೆ ನಿಲ್ಲಿಸಿದ. ಅಳೆಯುವ ದಿನ ಪಂಚೆಯೊಳಗೆ ಮೊಣಕಾಲು ಬಗ್ಗಿಸಿ ನಿಲ್ಲುವುದನ್ನು ಶೇವಂತಿ ಕಲಿಸಿದ್ದಳು. ಸೇಠ್ ನೋಡಿಯೂ ನೋಡದ ಹಾಗಿದ್ದ.

ಆದರೆ ಕೃಷ್ಣ ಬೆಳೆದುಬಿಟ್ಟಿದ್ದಾನೆ ಎಂಬ ಸುದ್ದಿ ಹಬ್ಬಿ, ಲಾಹೋರ್ ಮತ್ತು ಕಲ್ಕತ್ತೆಯಿಂದ ಚಿತ್ರ ಕೊಳ್ಳುವವರು ಬಂದಿದ್ದರು. ತಮ್ಮೆದುರೇ ಅವಳನ್ನು ಮೊಳೆಯ ಕೆಳಗೆ ನಿಲ್ಲಿಸಬೇಕೆಂದಿದ್ದರು. ದಾಟಿದರೆ ಸಂಜೆಯೊಳಗೆ ಖೋಲಿ ಖಾಲಿ.

ಮೊದಲು ಒಂದು ಶಾಟು. ನಿಜವಾದ ಬೆಣ್ಣೆ ದೀಪದ ಝಳಕ್ಕೆ ನಿಲ್ಲುವುದಿಲ್ಲವೆಂದು ಮೈದಾ, ಸೀಮೆಸುಣ್ಣ, ಕೊಬ್ಬರಿಎಣ್ಣೆ ಕಲಸಿಟ್ಟಿದ್ದರು, ಹೋದ ವಾರದ್ದು. ಅದರಲ್ಲಿ ನೊಣವೊಂದು ಕಾಲು ಮೇಲಾಗಿ ಹೂತಿತ್ತು. ಯಮೂ ನೊಣ ತೆಗೆದು ಪಕ್ಕಕ್ಕಿಟ್ಟು, ನಗುತ್ತ ಮುಷ್ಟಿ ತುಂಬ ಬಾಯಿಗೆ ಹಾಕಿಕೊಂಡಳು. ಹಳಸಲು ಜಿಡ್ಡು ಅಂಗುಳಕ್ಕೆ ಮೆತ್ತಿತು. ಹೊಟ್ಟೆ ಅದನ್ನೂ ಬೇಡವೆನ್ನಲಿಲ್ಲ. ಅದೇ ಅವಳಿಗೆ ಹೆಚ್ಚು ಹೇಸಿಗೆಯಾಯಿತು.

ಶಾಟು ಮುಗಿದಾಗ ಪೂಜೆಯ ಭಟ್‌ಜಿ ಬಂದು, ಕೊಳ್ಳುವವರು ನೋಡುವಂತೆ, ನೀಲಿ ಬಳಿದ ಅವಳ ಪಾದಕ್ಕೆ ಹಣೆ ಹಚ್ಚಿದ. ಕಿರೀಟ ಭಾರವೆಂದು ಇಳಿಸಿ ಅವಳು ನೀರಿನ ಹೂಜಿಗೆ ಕೈ ಚಾಚಿದಳು. ಅದೇ ಭಟ್‌ಜಿ ಹೂಜಿಯನ್ನು ಸರಕ್ಕನೆ ಎಳೆದುಕೊಂಡ.

"ಏಯ್, ಮುಟ್ಬೇಡ. ಬೊಗಸೆ ಹಿಡಿ, ಹೊಯ್ತೀನಿ."

"ಈಗಷ್ಟೇ ಕಾಲಿಗೆ ಬಿದ್ರಲ್ಲ, ಭಟ್‌ಜಿ?"

"ಬಿದ್ದಿದ್ದು ಕಿರೀಟಕ್ಕೆ. ಕುಣಿಯೋಳ ಮಗಳಿಗಲ್ಲ."

ಸೇಠ್ ಕಿಸಕ್ಕನೆ ನಕ್ಕ. ಕೊಳ್ಳುವವರಲ್ಲೊಬ್ಬ ವೀಳ್ಯ ಅಗಿಯುತ್ತಲೇ ನಕ್ಕ. ಕೆಂಪು ಹನಿ ಅವನ ಅಂಗಿಯ ಮೇಲೆ ಬಿತ್ತು. ಯಮೂ ಬೊಗಸೆ ಹಿಡಿಯಲಿಲ್ಲ. ಬಾಯಿಯ ಜಿಡ್ಡು ಹಾಗೇ ಉಳಿಯಿತು.

ಎಲ್ಲರೂ ಬಾಗಿಲ ಹತ್ತಿರ ಸೇರಿದರು. ಶೇವಂತಿ ಪಂಚೆಯ ನೆರಿಗೆ ಸರಿಮಾಡುವ ನೆಪದಲ್ಲಿ ಕುಕ್ಕರಿಸಿ, ಮಗಳ ಮೊಣಕಾಲಿನ ಹಿಂದೆ ಬೆರಳಿನಿಂದ ತಿವಿದಳು. ಕಾಲು ತಾನಾಗಿ ಬಗ್ಗಿತು. ತುಕಾರಾಮ ನೆತ್ತಿಯ ಮೇಲೆ ಹಲಗೆಯಿಟ್ಟ. ಮೊಳೆಗೂ ಹಲಗೆಗೂ ಕೂದಲೆಳೆಯ ಸಂದು.

"ನೋಡಿ ಸಾಹೇಬ್ರೆ," ಎಂದ ಸೇಠ್. "ಇನ್ನೂ ಮೂರು ವರ್ಷ ಕೃಷ್ಣ ಹೀಗೇ ಇರ್ತಾನೆ. ನಾನು ಜವಾಬ್ದಾರಿ."

ಮೂರು ವರ್ಷ. ಬಾಯಲ್ಲಿದ್ದುದನ್ನೆಲ್ಲ ಸೇಠ್‌ನ ಪಾಲಿಶ್ ಮಾಡಿದ ಬೂಟಿನ ಮೇಲೆ ಥೂ ಎಂದು ಉಗುಳಿ, ಯಮೂ ನೆಟ್ಟಗೆ ನಿಂತಳು. ಮೊಣಕಾಲು ಲಟಕ್ಕೆಂದಿತು. ಹಲಗೆ ಮೊಳೆಗೆ ತಾಕಿ, ತುಕಾರಾಮನ ಕೈ ಜಾರಿ, ಕೆಳಗೆ ಬಿತ್ತು.

"ತುಕಾಮಾಮಾ, ಈಗ ಅಳೆ. ಎಲ್ರಿಗೂ ಕೇಳೋ ಹಾಗೆ ಹೇಳು."

"ಶೇವಂತಿಬಾಯಿ, ಕೂರಿಸೇ ಅವಳನ್ನ!" ಸೇಠ್ ಶೇವಂತಿಯ ಭುಜ ಹಿಡಿದು ಅಲುಗಿಸಿದ. "ಬೀದೀಲಿ ಬಿದ್ದು ಸಾಯ್ತೀರಿ ಇಬ್ರೂ."

ಶೇವಂತಿ ಕುಕ್ಕರುಗಾಲಲ್ಲೇ ಮಗಳನ್ನು ಮೇಲೆ ನೋಡಿದಳು. ಇಷ್ಟು ಮೇಲೆ ನೋಡಬೇಕಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಬಿದ್ದ ಹಲಗೆಯನ್ನು ಸೆರಗಿನಿಂದ ಒರೆಸಿ ಬಡಗಿಯ ಕೈಗೆ ಕೊಟ್ಟಳು.

ತುಕಾರಾಮ ಸೇಠ್‌ನ ಮುಖ ನೋಡಲಿಲ್ಲ. ಹಲಗೆ ಇಟ್ಟ, ಅಳತೆಪಟ್ಟಿ ಇಳಿಬಿಟ್ಟ, ಓದಿದ.

ನಾಲ್ಕು ಅಡಿ ಏಳೂವರೆ ಇಂಚು.