ತಂಗಿ ಇದ್ದಳು, ಹೋದಳು

ತನ್ನ ಅಣ್ಣ ಹಡಗು ಹತ್ತಿದ ಮೇಲೆ ಒಂದು ಕಾಗದವನ್ನೂ ಹಾಕಲಿಲ್ಲವೆಂದು ಅಜ್ಜಿ ಅರವತ್ತು ವರ್ಷದಿಂದ, ದಿನಕ್ಕೆ ಅರವತ್ತು ಸಲ, ಮುನಿಸಿಕೊಳ್ಳುತ್ತಿದ್ದಳು. ಮೂರು ಲೋಕದ ದಾಖಲೆಗಳನ್ನೂ ಆನ್‌ಲೈನಿನಲ್ಲೇ ಜಾಲಾಡಿದ ದರ್ಜಿ ಮೊಮ್ಮಗನಿಗೆ ಕೊನೆಗೂ ಆ ಅಣ್ಣನ ಉಯಿಲು ಸಿಕ್ಕಿತು.

“ನಿನಗೆ ಬರೆದು, ಅಂಚೆಗೆ ಹಾಕದೆ ಇಟ್ಟುಕೊಂಡಿದ್ದ ಕಾಗದಗಳೆಲ್ಲ ನಿನಗೇ ಸೇರಬೇಕು ಅಂತ ಬರೆದಿದ್ದಾರೆ, ಅಜ್ಜಿ.”

“ತಾರೋ ಮತ್ತೆ, ಮುಂಡೇದೆ!”

“ಕೋರ್ಟಿನವರು ಸುಟ್ಟುಬಿಟ್ಟರು. ಹಡಗಿನ ದಾಖಲೆಯಲ್ಲಿ ‘ತಂಗಿ ಇದ್ದಳು, ಹೋದಳು’ ಅಂತಿದೆ. ನೀನು ಸತ್ತೆ ಅಂದುಕೊಂಡರು.”

ಅಜ್ಜಿಯ ಬಾಯಿಗೆ ಊರೇ ನಡುಗುತ್ತಿತ್ತು. ಈಗ ಅದು ಸೂಜಿಯ ಕಣ್ಣಿನಷ್ಟಾಯಿತು.

“ಅವನ ಜೊತೆ ಹಡಗು ಹತ್ತದೆ, ಮುನಿಸಿಕೊಂಡು ಬಂದರಿನಿಂದ ಮನೆಗೆ ಹೋದೆ ಕಣೋ, ಅಷ್ಟೇ. ಈಗ ತಿದ್ದಿಸೋಕೆ ಆಗಲ್ವಾ?”

“ತಿದ್ದಿಸಿದರೂ ಬೂದಿ ಓದೋಕಾಗಲ್ಲ, ಅಜ್ಜಿ.”

ಅಂದಿನಿಂದ ಅಜ್ಜಿ ಮುನಿಸಿಕೊಳ್ಳುವುದನ್ನೇ ಬಿಟ್ಟಳು. ಅವಳನ್ನು ಇಷ್ಟು ವರ್ಷ ಬದುಕಿಸಿದ್ದು ಅದೊಂದೇ.