ಮೇಡಂ ಮುಖ ಕಾಣದ ಸಂಜೆ

“ನಿಮ್ಮ ಮುಂದೆ ಕೂತ್ರೆ ಪಟಪಟ ಅಂತ ಮಾಡ್ತಾಳೆ, ಪರೀಕ್ಷೆಗೆ ಹೋದ್ರೆ ಖಾಲಿ ಹಾಳೆ ಕೊಟ್ಟು ಬರ್ತಾಳೆ. ಇದ್ಯಾವ ರೋಗ ಅಂತ ನೀವೇ ಹೇಳಿ ಮೇಡಂ!”

ಬಾಗಿಲಲ್ಲೇ ನಿಂತು ಹೀಗೆ ಕೇಳಿದವರು ಗುಬ್ಬಿ ಎಂಬ ಹುಡುಗಿಯ ಚಿಕ್ಕಮ್ಮ. ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವವರು, ತಾಯಿಯಿಲ್ಲದ ಅವಳನ್ನು ಸಾಕಿದವರು. ನಾಳೆ ಬೆಳಿಗ್ಗೆ ಗುಬ್ಬಿಗೆ ಗಣಿತ ಪರೀಕ್ಷೆಯ ಕೊನೆಯ ಅವಕಾಶ. ಇದೂ ಕೈಬಿಟ್ಟರೆ ನರ್ಸ್ ತರಬೇತಿಯ ಸೀಟೂ ಹೋದಂತೆಯೇ.

“ಹೆದರಿಕೆ, ಅಷ್ಟೇ. ನೀವು ಹೋಗ್ಬನ್ನಿ,” ಎಂದರು ಮನೆಪಾಠದ ಮೇಡಂ. ಹಲ್ಲುನೋವಿಗೆ ಒಂದು ಕೆನ್ನೆ ಊದಿ ಮಾತೆಲ್ಲ ಬಾಯೊಳಗೇ ಉರುಳುತ್ತಿತ್ತು. ಮೂಗಿನವರೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡಿದ್ದರು.

“ಬ್ಯಾಂಕ್ ದರೋಡೆಗೆ ಹೊರಟ ಹಾಗಿದ್ದೀರ,” ಎಂದು ನಕ್ಕಳು ಗುಬ್ಬಿ. ಆದರೆ ಲೆಕ್ಕ ಮುಂದಿಟ್ಟದ್ದೇ ತಡ, ನಗು ಆರಿತು. ಮೂರು ಎಕ್ಸ್ ಮೈನಸ್ ಏಳು, ಸಮ ಹನ್ನೊಂದು. ತಿಂಗಳುಗಟ್ಟಲೆ ಇದೇ ಮೇಜಿನ ಮೇಲೆ ನೀರು ಕುಡಿದಂತೆ ಮಾಡಿದ ಲೆಕ್ಕ. ಪೆನ್ಸಿಲ್ ಹಾಳೆಗೆ ತಾಗುತ್ತಿತ್ತು, ಏಳುತ್ತಿತ್ತು. ಅವಳು ಹಾಳೆ ನೋಡುವುದಕ್ಕಿಂತ ಮಫ್ಲರನ್ನೇ ಹೆಚ್ಚು ನೋಡುತ್ತಿದ್ದಳು.

“ಮೇಡಂ, ಅದನ್ನ ಸ್ವಲ್ಪ ತೆಗೀತೀರಾ?”

“ಯಾಕೆ?”

“ಮುಖ ಕಾಣ್ತಿಲ್ಲ.”

“ನನ್ನ ಮುಖದ ಮೇಲೇನು ಲೆಕ್ಕ ಬರೆದಿದ್ಯಾ?”

ಗುಬ್ಬಿ ತಲೆ ತಗ್ಗಿಸಿದಳು. “ತಪ್ಪು ಮಾಡೋಕೆ ಹೋದ್ರೆ ನಿಮ್ಮ ತುಟಿ ಒಳಗೆ ಹೋಗುತ್ತೆ ಮೇಡಂ. ಆಗ ಪ್ಲಸ್ ಇದ್ದಿದ್ದನ್ನ ಮೈನಸ್ ಮಾಡ್ತೀನಿ. ಸರಿ ಇದ್ರೆ ಗಲ್ಲ ಸಡಿಲ ಆಗುತ್ತೆ. ಅಲ್ಲಿ ಪರೀಕ್ಷೆಲಿ... ಆ ಸೂಪರ್‌ವೈಸರ್ ಮುಖ ಗೋಡೆ ಇದ್ದ ಹಾಗಿರುತ್ತೆ.”

ಮೇಡಂ ಮಫ್ಲರಿನ ಅಂಚನ್ನು ಮುಟ್ಟಿಕೊಂಡರು. ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿ, ಕಣ್ಣಲ್ಲಿ ಕಣ್ಣಿಟ್ಟು ಕಲಿಸುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದರಲ್ಲ! ಹುಡುಗಿ ಕಲಿತದ್ದು ಗಣಿತವನ್ನಲ್ಲ, ಅವರ ಬಾಯಿಯನ್ನು. ಉಳಿದಿರುವುದು ಒಂದು ಸಂಜೆ. ಕಿಟಕಿಯ ಬೆಳಕು ಆಗಲೇ ಮೇಜಿನ ಅಂಚಿಗೆ ಸರಿದಿತ್ತು.

“ಅಯ್ಯೋ ನನ್ನ ಕೂಸೇ,” ಎಂದವರು ಎದ್ದು, ತಮ್ಮ ಕುರ್ಚಿಯನ್ನು ದರದರ ಎಳೆದು ಬಾಗಿಲ ಕಡೆ ತಿರುಗಿಸಿ, ಕಣ್ಣೂ ಕಾಣದಂತೆ ಹುಡುಗಿಗೆ ಬೆನ್ನು ಹಾಕಿ ಕುಳಿತರು.

“ಮೇಡಂ, ಬೇಡ ಮೇಡಂ! ಕೋಪ ಬಂತಾ?”

“ಕೋಪ ನಿನ್ನ ಮೇಲಲ್ಲ. ಬರಿ.”

ಪೆನ್ಸಿಲ್ ಒಂದೆರಡು ಸಲ ಹಾಳೆಗೆ ತಾಗಿತು. ಆಮೇಲೆ ಅಳುವ ದನಿ. “ಮೂರು ಎಕ್ಸ್ ಅಂದ್ರೆ ನಾಲ್ಕು. ಹನ್ನೊಂದರಲ್ಲಿ ಏಳು ಕಳೆದೆ. ಸರೀನಾ?”

ತುಟಿ ತಾನಾಗಿ ಒಳಗೆ ಹೋಯಿತು. ಸದ್ಯ, ಅದು ಮಫ್ಲರಿಗೆ ಮಾತ್ರ ಗೊತ್ತಾಯಿತು. ಹೌದು, ಅಲ್ಲ ಎನ್ನಲು ನಾಲಿಗೆ ತುರಿಸುತ್ತಿತ್ತು. ಉತ್ತರವನ್ನು ಮರಳಿ ಲೆಕ್ಕಕ್ಕೇ ಹಾಕಿ ನೋಡುವುದನ್ನು ತಾನು ಒಂದು ದಿನವೂ ರೂಢಿ ಮಾಡಿಸಲಿಲ್ಲ ಎಂಬುದು ಆಗ ಹೊಳೆಯಿತು. ತನ್ನ ಮುಖವೇ ಎದುರಿಗಿದ್ದಾಗ ಅದರ ಅಗತ್ಯವೇ ಬಿದ್ದಿರಲಿಲ್ಲ.

“ನನ್ನನ್ನ ಕೇಳ್ಬೇಡ, ಲೆಕ್ಕಾನೇ ಕೇಳು. ಮೂರು ಎಕ್ಸ್ ಇರೋ ಜಾಗಕ್ಕೆ ನಿನ್ನ ನಾಲ್ಕನ್ನ ಇಟ್ಟು ನೋಡು. ಹನ್ನೊಂದು ಬರುತ್ತಾ?”

“ನಾಲ್ಕರಲ್ಲಿ ಏಳು ಹೋದ್ರೆ... ಮೈನಸ್ ಮೂರು. ಬರಲ್ಲ.” ಮೂಗು ಸೊರಸೊರ ಎಂದಿತು. “ಬರಲ್ಲ ಮೇಡಂ! ನಂಗೆ ಏನೂ ಬರಲ್ಲ. ನಾಳೆ ನಾನು ಹೋಗಲ್ಲ.”

“ಹನ್ನೊಂದು ಬರಲ್ಲ ಅಂತ ಕಂಡುಹಿಡಿದೋರು ಯಾರು? ನಾನಾ?”



ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಹೊತ್ತಿಗೆ ಮುಂಚೆಯೇ ಕರೆದೊಯ್ಯಲು ಬಂದ ಚಿಕ್ಕಮ್ಮ ಬಾಗಿಲು ತಳ್ಳಿ ಬಾಯಿ ತೆರೆದರು. ಮೇಡಂ ಮಫ್ಲರಿನ ಮೇಲೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದರು. ಬೆನ್ನ ಹಿಂದೆ ರಬ್ಬರ್ ಉಜ್ಜುವ ಸದ್ದು, ಪುಡಿ ಊದುವ ಸದ್ದು. ಆಮೇಲೆ ನಿಧಾನವಾಗಿ, ನಿಂತು ನಿಂತು, ಪೆನ್ಸಿಲ್ ಗೀಚತೊಡಗಿತು.