ನಿರೋಜಿನಿ ಸಾಲು ಬಿಟ್ಟ ದಿನ

ಕಡಲತಡಿಯ ಪರುತ್ತಿತ್ತುರೈಯ ಬಂಕಿನಿಂದ ಹೊರಟ ಸೀಮೆಎಣ್ಣೆಯ ಸಾಲು ಮೀನು ಮಾರುಕಟ್ಟೆಯನ್ನೂ ದಾಟಿ ಹೋಗಿತ್ತು. ಆ ದ್ವೀಪದೇಶದ ಬೊಕ್ಕಸ ಬರಿದಾದ ವರ್ಷ ಅದು. ದೋಣಿಗೆ ಹಾಕುವ ಎಣ್ಣೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕ್ಯಾನುಗಳನ್ನು ಹಗ್ಗಕ್ಕೆ ಪೋಣಿಸಿ, ಜನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಅರುಳಾನಂದಂ ಮಾತ್ರ ತನ್ನ ಕ್ಯಾನಿನ ಮೇಲೇ ಕೂತು ಮಗಳ ರಸಾಯನಶಾಸ್ತ್ರದ ಪುಸ್ತಕ ಬಿಚ್ಚಿದ್ದ. ಐದನೇ ತರಗತಿ ದಾಟದ ಮೀನುಗಾರನಾದರೂ ಪ್ರಶ್ನೆ ಕೇಳುವ ಕೆಲಸ ಅವನದೇ.

"ಕಾರ್ಬನ್ ಡೈಆಕ್ಸೈಡ್. ಆಕಾರ ಹೇಳು."

"ನೆಟ್ಟಗೆ," ಎಂದಳು ನಿರೋಜಿನಿ. "ಎರಡು ಬಂಧಕ್ಕೂ ಧ್ರುವ ಇದೆ. ಆದ್ರೆ ಎದುರುಬದುರು ನಿಂತು ಒಂದೇ ಸಮ ಎಳೀತವೆ. ಹಾಗಾಗಿ ಅಣುವಿಗೆ ಧ್ರುವ ಇಲ್ಲ."

"ಅಂದ್ರೆ ನಾನೂ ನಿಮ್ಮಮ್ಮನೂ. ಇಬ್ರೂ ಎಳೀತೀವಿ, ಮನೆ ಇದ್ದಲ್ಲೇ ಇದೆ. ಸರಿ, ನೀರು?"

"ನೀರು ಬಾಗಿರತ್ತಪ್ಪಾ. ಆಮ್ಲಜನಕದ ಮೇಲಿರೋ ಎಲೆಕ್ಟ್ರಾನಿನ ಒಂಟಿ ಜೋಡಿಗಳು ಒತ್ತಿ ಬಗ್ಗಿಸ್ತವೆ. ಅದಕ್ಕೆ ಧ್ರುವ ಉಂಟು. ಎಣ್ಣೆಗಿಲ್ಲ. ಅದಕ್ಕೇ ಎರಡೂ ಬೆರೆಯಲ್ಲ."

"ಒಂಟಿ ಅಂತೀಯ, ಜೋಡಿ ಅಂತೀಯ. ಒಂದು ಮಾತಿನ ಮೇಲೆ ನಿಲ್ಲು," ಎಂದ ಅಪ್ಪ. ಸಾಲಿನಲ್ಲಿದ್ದವರು ನಕ್ಕರು.

ಅವಳು ಪರೀಕ್ಷೆಗೆ ಕೂರುವುದು ಅದು ಮೂರನೇ ಸಲ; ಅದಕ್ಕಿಂತ ಹೆಚ್ಚು ಬರೆಯುವಂತಿಲ್ಲ, ಅಂದರೆ ಕಡೇ ಸಲ. ಎರಡು ಬಾರಿಯೂ ವೈದ್ಯಕೀಯ ಸೀಟು ಕೂದಲೆಳೆಯಲ್ಲಿ ತಪ್ಪಿತ್ತು, ಎರಡು ಬಾರಿಯೂ ಕೈಕೊಟ್ಟದ್ದು ರಸಾಯನಶಾಸ್ತ್ರವೇ. ಬಂಧದ ಪಾಠದಲ್ಲಿ ಜಾರಿದವರು ಇಡೀ ಪೇಪರಿನಲ್ಲೇ ಜಾರುತ್ತಾರೆಂದು ಟ್ಯೂಷನ್ನಿನ ಬಾಲೇಂದ್ರನ್ ಮಾಸ್ಟರು ಹೇಳುತ್ತಲೇ ಇದ್ದರು. ಆ ಪಾಠದ ಕೊನೆಯ ಪುನರಾವರ್ತನೆ ಇದ್ದ ದಿನ ಅರುಳಾನಂದಂ ಬಲೆ ಹೆಣೆಯಲು ಹೋಗಬೇಕಿತ್ತು. ಸಾಲು ಕಾಯುವ ಪಾಳಿ ಮಗಳ ಪಾಲಿಗೆ ಬಂತು.

"ಇವತ್ತು ಲಾರಿ ಬರಲ್ಲಂತೆ," ಎಂದು ಯಾರೋ ಅಂದರು. ನಿರೋಜಿನಿಗೆ ಅಷ್ಟೇ ಸಾಕಾಯಿತು. ಕ್ಯಾನನ್ನು ಸಾಲಿನಲ್ಲೇ ಬಿಟ್ಟು ಟ್ಯೂಷನ್ನಿಗೆ ಓಡಿದಳು. ಅಮೋನಿಯಾದ ಕೋನ ಏಕೆ ಕಿರಿದು, ಮೀಥೇನಿಗೆ ಏಕೆ ಧ್ರುವವಿಲ್ಲ, ಎಲ್ಲ ಅಂದು ತಲೆಗೆ ನೆಟ್ಟಗೆ ಇಳಿಯಿತು. ಹಿಂದಿರುಗುವಷ್ಟರಲ್ಲಿ ಲಾರಿ ಬಂದು ಹೋಗಿತ್ತು. ಬಂಕು ಮುಚ್ಚಿತ್ತು. ಅವಳ ಕ್ಯಾನು ಬೇಲಿಯ ಪಕ್ಕ ಅಡ್ಡ ಬಿದ್ದಿತ್ತು.

ಬರಿಗೈಯಲ್ಲಿ ಮನೆಗೆ ಹೋಗಲು ಧೈರ್ಯ ಸಾಲಲಿಲ್ಲ. ಕಳ್ಳ ಎಣ್ಣೆ ಮಾರುವ ಮಣಿಯಕ್ಕನ ಹಿತ್ತಲಿಗೆ ಹೋಗಿ, ಟ್ಯೂಷನ್ನಿಗೆಂದು ಇಟ್ಟುಕೊಂಡಿದ್ದ ಹಣ ಕೊಟ್ಟು ಕ್ಯಾನು ತುಂಬಿಸಿದಳು.

"ಬಂಕಲ್ಲೇ ಸಿಕ್ತಾ?" ಎಂದು ಅಪ್ಪ ಕೇಳಿದ.

"ಸಿಕ್ತಪ್ಪಾ."

ಹೊರಗಿನ ಎಣ್ಣೆಯಾದರೆ ಅವನು ಗಾಜಿನ ಬಾಟಲಿಗೆ ಸುರಿದು, ಬಿಸಿಲಿಗೆ ಹಿಡಿದು ನೋಡದೆ ಮುಟ್ಟುತ್ತಿರಲಿಲ್ಲ. ಬಂಕಿನದೆಂದ ಮೇಲೆ ನೋಡುವುದೇನು? ಅಂಗಳದಲ್ಲಿದ್ದ ದೋಣಿಯ ಟ್ಯಾಂಕಿಗೆ ನೇರ ಸುರಿದ. ಜಗಲಿಯಲ್ಲಿ ಕೂತು ಅವಳು ಅದನ್ನು ನೋಡಿದಳು. ಬಾಯಿ ಬಿಡಲಿಲ್ಲ. ಸುಳ್ಳು ದಕ್ಕಿತಲ್ಲ ಎಂಬ ನಿರಾಳದಲ್ಲಿ ಪುಟ ತಿರುವಿದಳು.

ಸಂಜೆ ಅರುಳಾನಂದಂ ಮತ್ತು ಅವನ ಜೊತೆಗಾರ ಜೆಯಸೀಲನ್ ಕಡಲಿಗಿಳಿದರು. ಮರುದಿನ ಎಲ್ಲರ ದೋಣಿ ಬಂತು, ಅವರದು ಬರಲಿಲ್ಲ. ಗಾಳಿ ದಡದಿಂದ ಆಚೆಗೆ ಬೀಸುತ್ತಿತ್ತು. ಹುಡುಕಿಕೊಂಡು ಹೋಗೋಣವೆಂದರೆ ಯಾರ ಬಳಿಯೂ ದೂರ ಹೋಗಿ ಬರುವಷ್ಟು ಎಣ್ಣೆಯಿಲ್ಲ. ಗಂಡಸರು ದಡದಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು, ಅಷ್ಟೇ.

ವಾರದ ಮೇಲೆ ದೊಡ್ಡ ದೋಣಿಯೊಂದು ಜೆಯಸೀಲನ್‌ನನ್ನು ಕರೆತಂದಿತು. ಅವನೊಬ್ಬನನ್ನೇ. ಆಸ್ಪತ್ರೆಯಲ್ಲಿ, ಸೀಳಿದ ತುಟಿಗಳಲ್ಲಿ ಅವನು ನಿರೋಜಿನಿಯ ಅಮ್ಮ ಪುಷ್ಪಮಲರ್‌ಗೆ ಹೇಳಿದ:

"ಎಂಜಿನ್ ಕೆಮ್ಮಿ ಕೆಮ್ಮಿ ನಿಂತೋಯ್ತು ಅತ್ತಿಗೆ. ಟ್ಯಾಂಕ್ ತಳ ಬಿಚ್ಚಿದ್ರೆ ಬರೀ ನೀರು. 'ಬಂಕಿಂದು ಕಣೋ, ನಮ್ಮ ಹುಡುಗಿ ತಂದಿದ್ದು, ಅದರಲ್ಲೆಲ್ಲಿ ನೀರು' ಅಂತ ಅಣ್ಣ ನಂಬ್ಲೇ ಇಲ್ಲ. ಆಮೇಲೊಂದು ಹಡಗು ಕಾಣಿಸ್ತು. ಈಜಿ ಹೋಗಿ ಕೂಗ್ತೀನಿ ಅಂತ ಹಾರಿದ. ನಾನು ಬೇಡ ಅಂದೆ."

ಮಂಚದ ಕಾಲ ಬುಡದಲ್ಲಿ ನಿರೋಜಿನಿ ನಿಂತಿದ್ದಳು.

ಸುದ್ದಿ ಊರಿಗೆ ಮುಟ್ಟಿದ್ದೇ ತಡ, ಗಂಡಸರು ಬಂಕಿಗೆ ನುಗ್ಗಿದರು. ಎಣ್ಣೆ ಹಾಕುವ ಮುದುಕನನ್ನು ಹೊರಗೆಳೆದರೆಂದು ಪಕ್ಕದ ಮನೆಯವರು ಬಂದು ಹೇಳಿದರು. ಅವರು ಹೋದ ಮೇಲೆ ನಿರೋಜಿನಿ ಅಡುಗೆಮನೆಯಲ್ಲಿ ಅಮ್ಮನ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಪುಷ್ಪಮಲರ್ ಒಲೆಯ ಬೂದಿಯನ್ನೇ ನೋಡುತ್ತಿದ್ದಳು.

"ಯಾರಿಗೂ ಹೇಳ್ಬೇಡ."

"ಆ ತಾತನ್ನ ಹೊಡೀತಿದ್ದಾರಮ್ಮಾ."

"ಹೊಡೀಲಿ. ಅವನು ನಾಳೆ ಎದ್ದು ಕೂರ್ತಾನೆ. ಈ ಮಾತು ನಿನ್ ಮೇಲೆ ಬಿದ್ರೆ ನೀನು ಏಳಲ್ಲ."

ನಿರೋಜಿನಿ ಎದ್ದು ಹೊರಟಳು. ಅಮ್ಮ ಅವಳ ಕೈ ಹಿಡಿದು ತಡೆಯಲಿಲ್ಲ, ಕೂಗಲೂ ಇಲ್ಲ. ಬಂಕಿನಲ್ಲಿ ಮುದುಕ ಹರಿದ ಅಂಗಿಯಲ್ಲಿ ನೆಲಕ್ಕೆ ಕೂತು ಮೂಗಿನ ರಕ್ತ ಒರೆಸಿಕೊಳ್ಳುತ್ತಿದ್ದ. ಅವನ ಪಕ್ಕ ನಿಂತು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು: ಎಣ್ಣೆ ಇಲ್ಲಿಂದಲ್ಲ, ಮಣಿಯಕ್ಕನ ಹಿತ್ತಲಿಂದ, ತಂದದ್ದು ನಾನು, ಸುಳ್ಳು ಹೇಳಿದ್ದೂ ನಾನು.

ಮಣಿಯಕ್ಕನ ಮನೆಯ ಕಡೆಗೆ ಯಾರೂ ಹೋಗಲಿಲ್ಲ. ನಾಳೆ ಬಂಕಿಗೆ ಲಾರಿ ಬರದಿದ್ದರೆ ಹೋಗಬೇಕಾದದ್ದು ಅಲ್ಲಿಗೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಗುಂಪು ಕರಗುವಾಗ ಒಬ್ಬ ಮಾತ್ರ, "ಡಾಕ್ಟ್ರಾಗೋಕೆ ಹೋಗಿ ಅಪ್ಪನ್ನೇ..." ಎಂದು ಅರ್ಧಕ್ಕೇ ನಿಲ್ಲಿಸಿದ.

ಅಂದಿನಿಂದ ಅಮ್ಮ ಅವಳೊಡನೆ ಮಾತು ಬಿಟ್ಟಳು. ಅಕ್ಕಿಹಿಟ್ಟಿನ ಪುಟ್ಟು ಬೇಯಿಸಿ ತಟ್ಟೆಗೆ ಹಾಕಿ ಇಡುವಳು, ಎದುರಿಗೆ ಕೂರುತ್ತಿರಲಿಲ್ಲ. ಪ್ರಶ್ನೆ ಕೇಳುವವರಿಲ್ಲದ ಮನೆಯಲ್ಲಿ ನಿರೋಜಿನಿ ಓದಿದಳು. ಓದದೆ ಇರಲು ಬೇರೆ ದಾರಿ ತಿಳಿಯದೆ ಓದಿದಳು. ಪರೀಕ್ಷೆ ಬರೆದಳು.

ಫಲಿತಾಂಶ ಬಂದ ದಿನ ಪುಷ್ಪಮಲರ್ ಅಂಗಳದಲ್ಲಿ ಬೇರೆಯವರ ಮೀನು ಒಣಹಾಕುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಏನಾಯ್ತು?"

"ಸೀಟು ಸಿಗತ್ತೆ."

ಅಮ್ಮ ಮೀನುಗಳನ್ನು ಒಂದೊಂದಾಗಿ ಮಗುಚಿ ಹಾಕುತ್ತಾ ಹೋದಳು. ಚಾಪೆಯ ಕೊನೆ ಮುಟ್ಟಿದ ಮೇಲೆ ಹೇಳಿದಳು:

"ಎಣ್ಣೆ ಬಂಕಿಂದೇ ಅಂತ ನಿಮ್ಮಪ್ಪ ನಂಬ್ಕೊಂಡೇ ಹೋದ್ರು. ಅದೊಂದು ಒಳ್ಳೇದಾಯ್ತು."